ದರ್ಜಿ ಅಳಿಸಿದ ಗೀರು

"ಗುರುಗಳೇ, ಒಬ್ಬರ ವಸ್ತುವಿಗೆ ನನ್ನಿಂದ ಹಾನಿಯಾಯಿತು ಎಂದಿಟ್ಟುಕೊಳ್ಳಿ. ಅವರು ನೋಡುವ ಮೊದಲೇ ಸರಿಮಾಡಿದೆ. ಗುರುತೂ ಉಳಿಯಲಿಲ್ಲ. ಆಮೇಲೂ ಅವರಿಗೆ ಹೇಳಬೇಕೇ?"

ಕೇಳಿದವನು ಈರಭದ್ರ, ಮಠದ ಶಿಷ್ಯ. ಗುರುಗಳು ಜಗಲಿಯ ಮೇಲೆ ಕೂತು ತಮ್ಮ ತಂಬೂರಿಯನ್ನು ಒರೆಸುತ್ತಿದ್ದರು. ಅವರ ಬೆರಳಲ್ಲಿ ಈಗ ಮೀಟುವ ಶಕ್ತಿ ಇರಲಿಲ್ಲ. ಮರುದಿನ ಅದನ್ನು ಹೊಳೆಯಾಚೆಯ ಹಾಡುಗಾರ್ತಿ ಚೆನ್ನವ್ವನಿಗೆ ಕೊಡುವವರಿದ್ದರು.

"ಯಾರ ವಸ್ತು?" ಎಂದರು.

"ಸುಮ್ಮನೆ ಕೇಳಿದೆ."

"ಹಾಗಾದರೆ ನಾನೂ ಸುಮ್ಮನೆ ಒಂದು ಕತೆ ಹೇಳುತ್ತೇನೆ. ಕೂರು."

ಈರಭದ್ರ ಕೂತ. ಗುರುಗಳು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಬೆಲ್ಲ, ಬೇಳೆ ಮಾರುತ್ತಿದ್ದ. ಅವನು ತೂಗಿ ಕೊಟ್ಟದ್ದನ್ನು ಯಾರೂ ಮತ್ತೆ ತೂಗುತ್ತಿರಲಿಲ್ಲ. ಯಾವುದಾದರೂ ಮಾತನ್ನು ಖಚಿತವಾಗಿ ಹೇಳಬೇಕಾದರೆ ಅವನು ತಕ್ಕಡಿಯನ್ನು ಮುಟ್ಟಿ ಹೇಳುತ್ತಿದ್ದ. ಅಲ್ಲಿಗೆ ವಾದ ಮುಗಿಯುತ್ತಿತ್ತು. ಅಣ್ಣತಮ್ಮಂದಿರ ಜಗಳದಲ್ಲೂ ಅವನನ್ನೇ ಕರೆಯುತ್ತಿದ್ದರು.

ಎದುರಿನ ಅಂಗಡಿ ಒಬ್ಬ ದರ್ಜಿಯದು. ಹೊಸ ಬಟ್ಟೆ ಹೊಲಿಯುವವರು ಪೇಟೆಯಲ್ಲಿ ಬೇಕಾದಷ್ಟು ಮಂದಿ ಇದ್ದರು. ರಫೂ ಮಾಡುವವನು ಅವನೊಬ್ಬನೇ. ಅದೇ ಬಟ್ಟೆಯ ಅಂಚಿನಿಂದ ಎಳೆ ತೆಗೆದು, ಹರಿದ ಜಾಗವನ್ನು ನೇಯ್ದು ಮುಚ್ಚುತ್ತಿದ್ದ. ಮುಗಿದ ಮೇಲೆ ಗಿರಾಕಿಯ ಕೈಗೆ ಬಟ್ಟೆ ಕೊಟ್ಟು, "ಎಲ್ಲಿ ಹರಿದಿತ್ತು, ತೋರಿಸಿ" ಎನ್ನುತ್ತಿದ್ದ. ಗಿರಾಕಿ ತಡಕಾಡಿದರೆ ದರ್ಜಿಗೆ ಹಬ್ಬ.

ದರ್ಜಿಯ ಮಗಳು ನಗರದ ಆಸ್ಪತ್ರೆಯಲ್ಲಿ ಹೆತ್ತಳು. ಗಂಡು ಮಗು. ವ್ಯಾಪಾರಿ ಅಂದು ಹೆಂಡತಿಯ ತವರಿನ ಮದುವೆಗೆ ರೈಲಿನಲ್ಲಿ ಹೊರಟಿದ್ದ. ತನ್ನ ನೀಲಿ ಕಾರಿನ ಕೀಲಿಯನ್ನು ದರ್ಜಿಯ ಕೈಯಲ್ಲಿಟ್ಟ.

"ಬಾಣಂತಿಯನ್ನು ಬಸ್ಸಿನಲ್ಲಿ ಕುಲುಕಿಸಿಕೊಂಡು ತರಬೇಡ ಮಾರಾಯ. ನಾನು ಬರುವ ತನಕ ಕಾರು ನಿನ್ನ ಹತ್ತಿರವೇ ಇರಲಿ."

ದರ್ಜಿ ಹೋದ. ತಂದ. ದಾರಿಯುದ್ದಕ್ಕೂ ಒಂದು ಕಲ್ಲೂ ಸಿಡಿಯಲಿಲ್ಲ. ಮನೆಯ ಮುಂದೆ ಹೆಂಗಸರು ಆರತಿ ತಟ್ಟೆ ಹಿಡಿದು ನಿಂತಿದ್ದರು. ಕೂಸಿಗೆ ಬಿಸಿಲು ತಾಗಬಾರದೆಂದು ಕಾರನ್ನು ಬಾಗಿಲ ತನಕ ಒಯ್ಯಲು ಹೋದ. ಕಣ್ಣು ಆರತಿಯ ಮೇಲಿತ್ತು. ಗೇಟಿನ ಚಿಲಕ ಹೊರಕ್ಕೆ ಚಾಚಿಕೊಂಡಿದ್ದನ್ನು ನೋಡಲಿಲ್ಲ.

ಕರ್ ಎಂದಿತು.

ಹಿಂಬಾಗಿಲಿನ ಮೇಲೆ ಮೊಳದುದ್ದ ಗೀರು. ಒಂದು ಕಡೆ ಬಣ್ಣ ಚಕ್ಕೆ ಎದ್ದು ತಗಡು ಕಾಣುತ್ತಿತ್ತು.

ಒಳಗೆ ಮಗುವಿಗೆ ದೃಷ್ಟಿ ತೆಗೆಯುತ್ತಿದ್ದರು. ದರ್ಜಿ ಹೊರಗೆ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಹೆಂಡತಿ ಬಂದು ನೋಡಿದಳು.

"ಸಾಹುಕಾರರು ಬಂದ ಮೇಲೆ ಹೇಳಿದರಾಯಿತು. ಅವರೇನು ನುಂಗಿಬಿಡುತ್ತಾರೆಯೇ? ಬನ್ನಿ, ಮೊಮ್ಮಗನ ಮುಖ ನೋಡಿ."

"ಹೇಳುತ್ತೇನೆ. ಮೊದಲು ಸರಿಮಾಡುತ್ತೇನೆ" ಎಂದ ದರ್ಜಿ.

ಕಾರಿನ ಬಣ್ಣದ ನಂಬರು ಬಾಗಿಲ ಸಂದಿನ ಚೀಟಿಯಲ್ಲಿತ್ತು. ಅದನ್ನು ಹಿಡಿದುಕೊಂಡು ಪೇಂಟಿನ ಅಂಗಡಿಗೆ ಹೋದ. ಅಂಗಡಿಯವನು, "ಯಾರ ಗೋಡೆ ಉರುಳಿಸಿದಿರಿ?" ಎಂದು ನಕ್ಕು, ಅದೇ ಬಣ್ಣದ ಪುಟ್ಟ ಸೀಸೆ ಕೊಟ್ಟ. ಜೊತೆಗೆ ನೆನೆಸಿ ಉಜ್ಜುವ ನಯವಾದ ನೀರುಕಾಗದ, ಪುಟ್ಟಿ, ಪ್ರೈಮರು, ಮೇಲೆ ಬಳಿಯುವ ವಾರ್ನಿಷು ಕಟ್ಟಿಕೊಟ್ಟ. ಕ್ರಮ ಹೇಳಿದ. ಕೊನೆಗೆ, "ಅವಸರ ಮಾಡಿದರೆ ಕೆಟ್ಟಿತು" ಎಂದ.

ದರ್ಜಿ ಅವಸರ ಮಾಡಿದ. ಕೆಟ್ಟಿತು. ಬಣ್ಣವನ್ನು ದಪ್ಪವಾಗಿ ಬಳಿದ. ಅದು ಕಜ್ಜಿಯ ಹಾಗೆ ಉಬ್ಬಿ ನಿಂತಿತು. ಬಣ್ಣ ಕರಗಿಸುವ ಥಿನ್ನರಿನಲ್ಲಿ ಅದ್ದಿದ ಚಿಂದಿಯಿಂದ ಒರೆಸಿ ತೆಗೆದ.

ಎರಡನೆಯ ಸಲ ಕಾರಿನ ಬಾಗಿಲನ್ನೇ ಹರಿದ ಬಟ್ಟೆ ಎಂದುಕೊಂಡ. ಅಲ್ಲಿಂದ ಕೈಗೆ ದಾರಿ ಸಿಕ್ಕಿತು. ಬಾಗಿಲನ್ನು ಸೋಪಿನ ನೀರಿನಲ್ಲಿ ತೊಳೆದ. ನೀರುಕಾಗದವನ್ನು ನೆನೆಸಿ, ಗೀರಿನ ಅಂಚುಗಳನ್ನು ಮೆಲ್ಲಗೆ ತೀಡಿದ. ಬೆರಳು ಆಡಿಸಿದರೆ ಮೆಟ್ಟಿಲು ಸಿಗಬಾರದು, ಅಷ್ಟು. ಚಕ್ಕೆ ಎದ್ದ ಕಡೆ ಪುಟ್ಟಿ ತುಂಬಿದ. ಒಣಗಿಸಿದ. ತೀಡಿದ. ಪ್ರೈಮರು ಹಚ್ಚಿದ. ಬೆಂಕಿಕಡ್ಡಿಯ ತುದಿಯನ್ನು ಸೀಳಿ, ಅದರಿಂದ ಬಣ್ಣವನ್ನು ಎಳೆ ಎಳೆಯಾಗಿ ಗೀರಿನೊಳಗೆ ಇಳಿಸಿದ. ಕಾದ. ಇನ್ನೊಂದು ಪದರ. ಮತ್ತೆ ಕಾದ.

ಗೀರು ಸಣ್ಣದಾಯಿತು. ದರ್ಜಿಗೆ ಹುರುಪು ಏರಿತು. ಊಟಕ್ಕೆ ಕರೆದರೆ ಕೇಳಿಸಲಿಲ್ಲ. ಮಗು ಅತ್ತರೆ ಕೇಳಿಸಲಿಲ್ಲ. "ಕೂಸು ಹುಟ್ಟಿದ್ದು ನಮ್ಮ ಮನೆಯಲ್ಲೋ, ಆ ಕಾರಿನಲ್ಲೋ?" ಎಂದು ಹೆಂಡತಿ ಗೊಣಗಿದಳು. ಅದೂ ಕೇಳಿಸಲಿಲ್ಲ.

ಓರೆಯಾಗಿ ನೋಡಿದರೆ ಇನ್ನೂ ಕೂದಲೆಳೆಯಷ್ಟು ಕಾಣುತ್ತಿತ್ತು. ಸಾಕು ಎನ್ನಬಹುದಿತ್ತು. ಅವನ ಕೈ ಒಪ್ಪಲಿಲ್ಲ. ಮತ್ತೆ ಅಂಗಡಿಗೆ ಓಡಿ, ಅದೇ ಬಣ್ಣದ ಸ್ಪ್ರೇ ಡಬ್ಬಿ ಮಾಡಿಸಿಕೊಂಡು ಬಂದ. ಗಾಜಿಗೂ ಪಕ್ಕದ ಬಾಗಿಲಿಗೂ ಹಳೆಯ ಪತ್ರಿಕೆ ಅಂಟಿಸಿದ. ಬಾಗಿಲಿಗೆಲ್ಲ ಮಂಜಿನಂತೆ ಬಣ್ಣ ಹೊಡೆದ. ಮೇಲೆ ವಾರ್ನಿಷು. ಅದು ಗಟ್ಟಿಯಾದ ಮೇಲೆ ಹಳೆಯ ಮಲ್ಲು ಬಟ್ಟೆಯ ತುಂಡಿನಿಂದ ಪಾಲಿಶ್ ತಿಕ್ಕಿದ. ಬಾಗಿಲಿನಲ್ಲಿ ಅವನ ಮುಖ ಕಂಡಿತು. ಮುಖ ನಗುತ್ತಿತ್ತು.

ಬೀದಿಯಲ್ಲಿ ಹೋಗುತ್ತಿದ್ದವರನ್ನೆಲ್ಲ ಕರೆದು, "ಎಲ್ಲಿತ್ತು, ತೋರಿಸಿ" ಎನ್ನಬೇಕೆನಿಸಿತು. ತಡೆದುಕೊಂಡ. ಏನಿತ್ತು ಎಂದು ಅವರು ಕೇಳುತ್ತಿದ್ದರು.

ವ್ಯಾಪಾರಿ ಮದುವೆ ಮುಗಿಸಿ ಬಂದ. ಕಾರಿನ ಸುತ್ತ ಒಂದು ಸುತ್ತು ಬಂದ. ದರ್ಜಿ ಮಾತನ್ನು ನಾಲಿಗೆಯ ತುದಿಗೆ ತಂದುಕೊಂಡು ನಿಂತಿದ್ದ. ವ್ಯಾಪಾರಿ ಆ ಬಾಗಿಲಿನ ಮುಂದೆಯೇ ನಿಂತ. ಅದರ ಮೇಲೆ ಕೈ ಇಟ್ಟ.

"ಕೊಟ್ಟದ್ದಕ್ಕಿಂತ ಚೆನ್ನಾಗಿ ತೊಳೆದು ತಂದಿದ್ದೀಯಲ್ಲೋ. ನನ್ನ ತಮ್ಮನಿಗೆ ಕೊಟ್ಟಿದ್ದರೆ ಅರ್ಧ ಕಾರು ವಾಪಸ್ಸು ಬರುತ್ತಿತ್ತು."

ಕೈ ಅಲ್ಲೇ ಇತ್ತು. ಕಾಣಲಿಲ್ಲ. ಕಾರಿನ ಒಡೆಯನಿಗೂ ಗೀರು ಕಾಣಲಿಲ್ಲ. ದರ್ಜಿಗೆ ಕುಣಿಯುವಷ್ಟು ಖುಷಿಯಾಯಿತು. ನಾಲಿಗೆಯ ತುದಿಯ ಮಾತನ್ನು ನುಂಗಿಕೊಂಡ. ಸರಿಹೋದದ್ದನ್ನು ಹೇಳುವುದೇಕೆ ಎಂದುಕೊಂಡ. ಮನೆಗೆ ಹೋಗಿ ಮೊಮ್ಮಗನನ್ನು ಎತ್ತಿಕೊಂಡು ಆಡಿಸಿದ.

ಮರುವರ್ಷ ವ್ಯಾಪಾರಿಯ ಕಣ್ಣು ಮಂಜಾಯಿತು. ಕಾರು ಮಾರಲು ಹೊರಟ. ಹಳೆಯ ಕಾರು ಕೊಳ್ಳುವ ಒಬ್ಬ ದಲ್ಲಾಳಿ ಬಂದ. ಸಂತೆಯ ದಿನ. ಅಂಗಡಿಯಲ್ಲಿ ಜನ ತುಂಬಿದ್ದರು.

"ಎಲ್ಲಿಯಾದರೂ ಗುದ್ದಿದೆಯೇ? ಮತ್ತೆ ಬಣ್ಣ ಹೊಡೆಸಿದ್ದೀರಾ?" ಎಂದು ದಲ್ಲಾಳಿ ಕೇಳಿದ.

ವ್ಯಾಪಾರಿ ತಕ್ಕಡಿಯನ್ನು ಮುಟ್ಟಿದ. "ಕಂಪನಿಯಿಂದ ಬಂದ ಬಣ್ಣ. ಅದರ ಮೇಲೆ ಬೇರೆ ಹನಿ ಬಿದ್ದಿಲ್ಲ."

ದಲ್ಲಾಳಿ ಕಿಸೆಯಿಂದ ಬೆಂಕಿಪೊಟ್ಟಣದಷ್ಟು ಒಂದು ಯಂತ್ರ ತೆಗೆದ. ಬಣ್ಣದ ದಪ್ಪ ಅಳೆಯುವಂಥದ್ದು. ಕಾರಿನ ಮೈಗೆ ಒಂದೊಂದು ಕಡೆ ಒತ್ತುತ್ತ ಬಂದ. ಆ ಹಿಂಬಾಗಿಲಿಗೆ ಬಂದಾಗ ನಿಂತ. ಮತ್ತೆ ಒತ್ತಿದ. ತಲೆ ಅಲ್ಲಾಡಿಸಿ ಅಂಗಡಿಗೆ ಬಂದ.

"ಸಾಹುಕಾರರೇ, ಗುದ್ದಿದ್ದರೆ ಗುದ್ದಿದೆ ಅನ್ನಬೇಕಿತ್ತು. ಕೊಳ್ಳುತ್ತಿದ್ದೆ. ಎಲ್ಲ ಕಾರೂ ಗುದ್ದುತ್ತವೆ. ಮುಚ್ಚಿಟ್ಟು, ಮೇಲೆ ತಕ್ಕಡಿ ಬೇರೆ ಮುಟ್ಟುತ್ತೀರಿ."

"ನಾನು ಸುಳ್ಳು ಹೇಳಿಲ್ಲ."

"ಈ ಯಂತ್ರಕ್ಕೆ ನಿಮ್ಮ ಮೇಲೆ ಹಗೆಯೇ? ಬಾಗಿಲಿಗೆ ಮೇಲಿನಿಂದ ಕೆಳಗಿನ ತನಕ ಬಣ್ಣ ಬಿದ್ದಿದೆ. ಕೆಲಸ ಮಾತ್ರ ಯಾರೋ ಪಳಗಿದ ಕೈಯವನದು. ಬರಿಗಣ್ಣಿಗೆ ನನಗೂ ತಿಳಿಯುತ್ತಿರಲಿಲ್ಲ."

ದಲ್ಲಾಳಿ ಹೊರಟುಹೋದ. ವ್ಯಾಪಾರಿ ಕಾರಿನ ಕಡೆ ನೋಡಿದ. ತನ್ನ ಕೈ ನೋಡಿಕೊಂಡ. ತಾನೇ ಏನನ್ನೋ ಮರೆತಿರಬಹುದೇ ಎಂದು ಹುಡುಕುವವನ ಹಾಗೆ ನಿಂತಿದ್ದ.

ಒಬ್ಬ ಮುದುಕಿ ಬೆಲ್ಲ ಕೊಂಡು ಸೆರಗಿಗೆ ಕಟ್ಟಿಕೊಂಡಿದ್ದಳು. ವರ್ಷಗಳಿಂದ ಅಲ್ಲೇ ಕೊಳ್ಳುವವಳು. ಅವಳು ಗಂಟು ಬಿಚ್ಚಿದಳು. ಬೆಲ್ಲವನ್ನು ತಕ್ಕಡಿಯ ಮೇಲಿಟ್ಟಳು.

"ಬೇಜಾರು ಮಾಡಿಕೊಳ್ಳಬೇಡಪ್ಪಾ. ಇನ್ನೊಂದು ಸಲ ತೂಗಿಬಿಡು."

ವ್ಯಾಪಾರಿ ತೂಗಿದ. ತೂಕ ಸರಿಯಾಗಿತ್ತು. ಅವಳ ಹಿಂದಿದ್ದವನೂ ತನ್ನ ಬೇಳೆಯ ಪೊಟ್ಟಣವನ್ನು ಮುಂದಿಟ್ಟ.

ಎದುರಿನ ಅಂಗಡಿಯಲ್ಲಿ ದರ್ಜಿ ಎಲ್ಲವನ್ನೂ ಕೇಳಿಸಿಕೊಂಡ. ಅವನ ತೊಡೆಯ ಮೇಲೆ ಯಾರದೋ ಹರಿದ ಕೋಟು ಇತ್ತು. ಸೂಜಿಗೆ ದಾರ ಪೋಣಿಸಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಈರಭದ್ರ ಮುಂದಕ್ಕೆ ಬಾಗಿ ಕೂತಿದ್ದ.

"ಆಮೇಲೆ, ಗುರುಗಳೇ? ದರ್ಜಿ ಎದ್ದು ಹೋಗಿ ಹೇಳಿದನೇ?"

ಗುರುಗಳು ತಂಬೂರಿಯನ್ನು ಮಗುಚಿದರು. ಅದರ ಸೋರೆ ಬುರುಡೆಯ ಹಿಂಭಾಗದ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಆಡಿಸುತ್ತ ಹೋದರು. ಕಣ್ಣಿಗೆ ಕಾಣದ ಒಂದು ಬೆಸುಗೆಯ ಮೇಲೆ ಬೆರಳು ನಿಂತಿತು.

"ಈರಭದ್ರ, ಈ ಬುರುಡೆ ಎಂದೂ ಒಡೆದಿಲ್ಲವೆಂದು ನಾಳೆ ನಾನು ಚೆನ್ನವ್ವನಿಗೆ ಹೇಳಲೇ?"