ಕೋಟೆಯ ಮುಂದೆ ಎರಡು ಕೂಗು

"ಬೇರೆಯವರ ಮಾತನ್ನು ಸಾರಿದವನಿಗೂ ಆ ಮಾತಿನ ಪಾಪ ತಟ್ಟುತ್ತದೆಯೇ, ಗುರುಗಳೇ?"

ಕೇಳಿದ ಶಿಷ್ಯ ಮಠಕ್ಕೆ ಬರುವ ಮುನ್ನ ಊರಿನಲ್ಲಿ ಡಂಗುರ ಸಾರುತ್ತಿದ್ದವನು. ಕೆರೆಯಂಗಳದ ಗುಡಿಸಲಿನವರೆಲ್ಲ ಚಾವಡಿಗೆ ಬಂದರೆ ಜೋಳ ಹಂಚಲಾಗುವುದೆಂದು ಅವನು ಒಮ್ಮೆ ಗೌಡನ ಅಪ್ಪಣೆಯಂತೆ ಸಾರಿದ್ದ. ಅವರು ಚಾವಡಿಯಲ್ಲಿ ಕಾಯುತ್ತಿದ್ದಾಗ ಗೌಡನ ಆಳುಗಳು ಗುಡಿಸಲುಗಳನ್ನು ಕೆಡವಿದ್ದರು. ಇದು ಗುರುಗಳಿಗೆ ಗೊತ್ತಿತ್ತು. ಅವರು ಆ ವಿಷಯ ಎತ್ತದೆ ಒಂದು ಕತೆ ಹೇಳಿದರು.

ಕಡಲಾಚೆಯ ಯವನ ದೇಶದಲ್ಲಿ ಒಬ್ಬ ರಾಜ ಪರರ ಕೋಟೆಯೊಂದಕ್ಕೆ ಮುತ್ತಿಗೆ ಹಾಕಿದ್ದ. ಆರು ವರ್ಷ ಕಳೆದರೂ ಕೋಟೆ ಬೀಳಲಿಲ್ಲ. ಅವನ ದಂಡಿನಲ್ಲಿ ದೇವತೆಗಳಿಗೆ ಹುಟ್ಟಿದ ವೀರರಿದ್ದರು. ಲೀಗಿಯಸ್ ಎಂಬವನು ಅಂಥವನಲ್ಲ. ಅವನು ಕುರಿ ಕಾಯುವವನ ಮಗ. ಆ ವೀರರನ್ನು ಹೆಸರಿಸುವಾಗ ಅವನ ಹೆಸರು ಕೊನೆಯಲ್ಲಿ ಬರುತ್ತದೆ. ಕೆಲವರು ಅದನ್ನು ಬಿಟ್ಟೇಬಿಡುತ್ತಾರೆ. ಅವನು ಯಾರನ್ನೂ ಕೊಂದವನಲ್ಲ. ಅವನೊಬ್ಬನ ಕೂಗು ಐವತ್ತು ಜನರ ಕೂಗಿಗೆ ಸಮ. ಆದ್ದರಿಂದ ರಾಜ ಅವನನ್ನು ಸಾರುವ ಕೆಲಸಕ್ಕೆ ಇಟ್ಟುಕೊಂಡಿದ್ದ.

ಆ ದೇಶದವರಿಗೆ ಒಂದು ನಂಬಿಕೆ. ಸಂಸ್ಕಾರ ಸಿಗದೆ ಹೋದವರು ಪರಲೋಕದ ಹೊಳೆಯನ್ನು ದಾಟಲಾರರು; ಈಚೆ ದಡದಲ್ಲೇ ಅಲೆಯುತ್ತಿರುತ್ತಾರೆ. ಹಾಗಾಗಿ ದೊಡ್ಡ ಕಾಳಗವಾದ ಮರುದಿನ ಲೀಗಿಯಸ್ ಬಯಲಿನ ನಡುವೆ ನಿಂತು, "ಇಂದು ಕಾಳಗವಿಲ್ಲ, ಬಂದು ನಿಮ್ಮವರನ್ನು ಒಯ್ಯಿರಿ" ಎಂದು ಕೂಗುತ್ತಿದ್ದ. ಕೋಟೆಯ ಬಾಗಿಲು ತೆರೆಯುತ್ತಿತ್ತು. ಜನ ಆಯುಧವಿಲ್ಲದೆ ಬಂದು ಹೆಣಗಳನ್ನು ಒಯ್ಯುತ್ತಿದ್ದರು. ಆರು ವರ್ಷದಲ್ಲಿ ಒಮ್ಮೆಯೂ ಆ ಮಾತು ತಪ್ಪಿರಲಿಲ್ಲ. ಕೋಟೆಯ ಮುದುಕಿಯರು ಹಿಂದಿರುಗುವಾಗ ಅವನ ಕೈಗೆ ನಾಲ್ಕು ಅಂಜೂರದ ಹಣ್ಣು ಇಟ್ಟು ಹೋಗುವುದೂ ಇತ್ತು.

ಏಳನೆಯ ವರ್ಷ, ಒಂದು ದೊಡ್ಡ ಕಾಳಗ ಮುಗಿದ ಸಂಜೆ, ರಾಜ ಅವನನ್ನು ಕರೆಸಿದ.

"ನಾಳೆ ಎಂದಿನಂತೆ ಕೂಗು. ನನ್ನ ಬಿಲ್ಲಾಳುಗಳು ಕೊರಕಲಿನಲ್ಲಿ ಅಡಗಿರುತ್ತಾರೆ. ಬಾಗಿಲು ತೆರೆದು ಜನ ಬಯಲಿಗೆ ಬಂದ ಮೇಲೆ ಉಳಿದದ್ದು ಅವರ ಕೆಲಸ."

"ಪ್ರಭು, ಅವರು ಹೆಣ ಒಯ್ಯಲು ಬರುವವರು," ಎಂದ ಲೀಗಿಯಸ್.

"ಆ ಚಿಂತೆ ನಿನಗೆ ಬೇಡ. ಮಾತು ನನ್ನದು. ನಿನ್ನದು ಬರಿಯ ಗಂಟಲು."

ಲೀಗಿಯಸ್ ತನ್ನ ಡೇರೆಗೆ ಹೋದ. ಮಾತು ರಾಜನದು ಎಂಬುದು ಅವನಿಗೂ ಸರಿಯೆನಿಸಿತು. ಹಾಗೆ ಅನಿಸಿದ ಮೇಲೆ ಉಂಡ, ಮಲಗಿದ.

ಬೆಳಗ್ಗೆ ಬಯಲಿಗೆ ಹೋಗಿ ಎಂದಿನಂತೆ ಕೂಗಿದ. ಬಾಗಿಲು ತೆರೆಯಿತು. ಎಲ್ಲರಿಗಿಂತ ಮುಂದೆ ಒಬ್ಬ ಮುದುಕ ಕತ್ತೆಯ ಗಾಡಿ ಹೊಡೆದುಕೊಂಡು ಬಂದ. ಅವನು ಲೀಗಿಯಸ್‌ನ ಬಳಿ ಗಾಡಿ ನಿಲ್ಲಿಸಿದ.

"ನನ್ನ ಕಿರಿಯ ಮಗ ಎಡಗಡೆ ಬಿದ್ದಿದ್ದಾನೆ ಎಂದರು. ನನಗೆ ಕಣ್ಣು ಮಂದ. ಸ್ವಲ್ಪ ತೋರಿಸಿಕೊಡಪ್ಪ."

ಕೊರಕಲು ಇದ್ದದ್ದು ಎಡಗಡೆಗೇ. ಲೀಗಿಯಸ್ ಮುದುಕನ ಮುಖ ನೋಡಿದ. ಆಮೇಲೆ ಕೋಟೆಯ ಕಡೆ ತಿರುಗಿ, ಇದ್ದ ಉಸಿರನ್ನೆಲ್ಲ ಕೂಡಿಸಿ, "ಹಿಂದಿರುಗಿ, ಬಾಗಿಲು ಮುಚ್ಚಿ" ಎಂದು ಕೂಗಿದ.

ಏಕೆಂದು ಯಾರೂ ಕೇಳಲಿಲ್ಲ. ಬರುತ್ತಿದ್ದವರು ತಿರುಗಿ ಓಡಿದರು. ಬಿಲ್ಲಾಳುಗಳು ಎದ್ದು ಬಾಣ ಬಿಟ್ಟರು. ಆ ಬಿಲ್ಲಾಳುಗಳು ಬಾಗಿಲನ್ನು ಮುಟ್ಟುವಷ್ಟರಲ್ಲಿ ಅದು ಮುಚ್ಚಿತ್ತು. ಬಯಲಿನ ನಡುವಿನವರೆಗೆ ಬಂದಿದ್ದ ಹದಿನೇಳು ಮಂದಿ ಸತ್ತರು. ಅವರಲ್ಲಿ ಆ ಮುದುಕನೂ ಒಬ್ಬ. ಉಳಿದವರು ಬದುಕಿದರು. ಅಂದು ಕೋಟೆ ಬೀಳಲಿಲ್ಲ.

ಲೀಗಿಯಸ್ ಓಡಿಹೋಗಲಿಲ್ಲ. ಮುದುಕನ ಗಾಡಿಯನ್ನು ಎಡಗಡೆಗೆ ಹೊಡೆದುಕೊಂಡು ಹೋಗಿ ಅಲ್ಲಿ ಬಿದ್ದಿದ್ದ ಹೆಣಗಳ ಮುಖವನ್ನು ಒಂದೊಂದಾಗಿ ನೋಡುತ್ತಿದ್ದ. ಮುದುಕನ ಮಗ ಯಾರೆಂಬುದು ಅವನಿಗೆ ತಿಳಿಯಲಿಲ್ಲ. ರಾಜನ ಆಳುಗಳು ಅವನನ್ನು ಅಲ್ಲೇ ಹಿಡಿದು ಕೊಂದರು. ಅವನ ಹೆಣ ಬಯಲಿನಲ್ಲೇ ಉಳಿಯಿತು. ಬಂದು ಒಯ್ಯಿರಿ ಎಂದು ಕೂಗುವವರು ಆಮೇಲೆ ಯಾರೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹೇಳಿದ: "ಹಿಂದಿರುಗಿ ಎಂದದ್ದು ಅವನ ಸ್ವಂತ ಮಾತು, ಆ ಪುಣ್ಯ ಅವನದು. ಬನ್ನಿ ಎಂದದ್ದು ರಾಜನ ಮಾತು. ಹಾಗಾದರೆ ಹದಿನೇಳು ಜನರ ಪಾಪ ರಾಜನದೇ ಅಲ್ಲವೇ, ಗುರುಗಳೇ?"

ಗುರುಗಳು ಹೇಳಿದರು: "ಆ ಜನ ಎರಡು ಸಲವೂ ನಂಬಿದ್ದು ರಾಜನನ್ನಲ್ಲ."