ಅಧ್ಯಕ್ಷೆಯ ಮಗ ಓಟು ಕೇಳಿದ್ದು

ಇದು ನಮ್ಮೂರಿನದಲ್ಲ, ಹಳ್ಳದಾಚೆ ಊರಿನದು. ನಮ್ಮೂರಲ್ಲಿ ಪೆದ್ದರಿಲ್ಲ ಅಂತಲ್ಲ. ಇದ್ದಾರೆ, ಆದರೆ ಅವರೆಲ್ಲ ನನಗೆ ನೆಂಟರು, ಹೇಳಿದರೆ ಜಗಳಕ್ಕೆ ಬರುತ್ತಾರೆ.

ಆ ಊರಿನ ಹೆಂಗಸರ ಹಾಲಿನ ಡೇರಿಗೆ ದೊಡ್ಡತಾಯಮ್ಮ ಅಧ್ಯಕ್ಷೆ. ಗಂಡ ಸತ್ತವಳು. ಐದು ವರ್ಷ ಕುರ್ಚಿಯಲ್ಲಿ ಕೂತು ನೆಟ್ಟಗೆ ಕೆಲಸ ಮಾಡಿದ್ದಳು. ದನದ ಡಾಕ್ಟರು ಬಂದು ಕೂರಲಿ ಅಂತ ಒಂದು ರೂಮು ಕಟ್ಟಿಸಿದ್ದಳು. ಗೋಡೆ ಎದ್ದಿತ್ತು, ಮೇಲೆ ಶೀಟು ಬಿದ್ದಿರಲಿಲ್ಲ. ಇನ್ನೊಂದು ಸಲ ಗೆದ್ದು ಶೀಟು ಹಾಕಿಸಬೇಕು, ಅದೊಂದೇ ಅವಳ ಆಸೆ. ಎದುರಿಗೆ ನಿಂತವಳು ಸಾಕಮ್ಮ. ಅವಳಿಗೆ ಆ ರೂಮಿನಲ್ಲಿ ತನ್ನ ಹಿಂಡಿ ಮೂಟೆ ಪೇರಿಸುವ ಆಸೆ.

ಓಟು ಹಾಕುವವರು ಒಂಬತ್ತೇ ಜನ ನಿರ್ದೇಶಕರು, ಇವರಿಬ್ಬರೂ ಸೇರಿ. ದೊಡ್ಡತಾಯಮ್ಮ ಬೆರಳು ಮಡಚಿ ಎಣಿಸಿದಳು. ತನ್ನ ಕಡೆ ಆರು, ಸಾಕಮ್ಮನ ಕಡೆ ಮೂರು. ಗೆಲುವು ಖಂಡಿತ. ಆದರೆ ಅವಳಿಗೊಬ್ಬ ಮಗನಿದ್ದ.

ಇರೋನೊಬ್ಬನೇ ಮಗ, ಪುಟ್ಟಬೋರ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಬರೋದು ಬಾಕಿಯಿತ್ತು. ಚುನಾವಣೆಗೆ ವಾರವಿದೆ ಅನ್ನುವಾಗ ಹಸು ಒದ್ದು ಅವ್ವನ ಕಾಲು ಊದಿತು. ಬೇರೆ ದಾರಿಯಿಲ್ಲದೆ ಮಗನನ್ನು ಕರೆದಳು.

"ಲೋ ಮಗ, ಮನೆಮನೆಗೆ ಹೋಗು. ಕೈ ಮುಗ್ಕೊಂಡು ನಿಂತ್ಕೊ. ನಮ್ಮವ್ವಂಗೆ ಓಟಾಕಿ ಅನ್ನು. ಒಬ್ರನ್ನೂ ಬುಡ್ಬೇಡ!"

"ಆಯ್ತು ಕಣವ್ವ!"

ಮೊದಲು ಜವರಮ್ಮನ ಮನೆ. ಅವಳ ಹಸು ಕರು ಹಾಕುತ್ತಿತ್ತು. ಕರುವಿನ ಕಾಲು ಎಳೆಯುತ್ತಾ ಜವರಮ್ಮ ಬೆವೆತು ಹೋಗಿದ್ದಳು. ಇವನು ಕೈ ಮುಗಿದು ಎದುರಿಗೆ ನಿಂತ.

"ಬಂದ್ಯಾ ಬೋರ! ಬಾ, ಕರು ಹಿಡ್ಕಳೋ!"

"ಆಗಕ್ಕಿಲ್ಲ ಕಣತ್ತೆ. ಕೈ ಮುಗ್ದಿದೀನಿ."

"ಲೋ, ಬೀಳ್ತದೆ ಕಣೋ!"

"ನಮ್ಮವ್ವಂಗೆ ಓಟಾಕಿ!"

ಕರು ದಪ್ಪನೆ ನೆಲಕ್ಕೆ ಬಿತ್ತು. ಪುಣ್ಯಕ್ಕೆ ಬದುಕಿತು. ಓಟು ಬದುಕಲಿಲ್ಲ. ಆರು ಹೋಗಿ ಐದಾಯಿತು.

ಅವ್ವ ಹಣೆ ಚಚ್ಚಿಕೊಂಡಳು. "ಕೈ ಮುಗ್ಕೊಂಡು ಗರುಡಗಂಬದಂಗೆ ನಿಂತ್ಯಲ್ಲೋ! ಅವ್ರು ಏನ್ ಕೆಲ್ಸ ಮಾಡ್ತಿರ್ತಾರೋ ನೀನೂ ಅದನ್ನೇ ಮಾಡ್ಬೇಕು ಕಣ್ಲಾ!"

"ಆಯ್ತು ಕಣವ್ವ!"

ಮಾರನೆಯ ದಿನ ನಂಜಮಣಿಯ ಮನೆ. ಅವಳು ಆಗ ಗಂಡನಿಗೆ ಪೊರಕೆಯಲ್ಲಿ ಬಾರಿಸುತ್ತಿದ್ದಳು. ಏನು ಕಾರಣವೋ, ನಾವು ಕೇಳಬಾರದು. ಪುಟ್ಟಬೋರ ಮೂಲೆಯಲ್ಲಿದ್ದ ಇನ್ನೊಂದು ಪೊರಕೆ ತೆಗೆದುಕೊಂಡ. ತಾನೂ ಆ ಗಂಡನಿಗೆ ನಾಲ್ಕು ಬಿಟ್ಟ.

"ಅಯ್ಯೋ! ನನ್ ಗಂಡಂಗೆ ಹೊಡೆಯಕ್ಕೆ ನೀನ್ಯಾವನ್ಲಾ?"

"ನೀನ್ ಮಾಡೋ ಕೆಲ್ಸನೇ ಮಾಡ್ದೆ ಕಣಕ್ಕ. ನಮ್ಮವ್ವಂಗೆ ಓಟಾಕು!"

ಗಂಡ ಹೆಂಡತಿ ಒಂದಾಗಿ ಅವನನ್ನು ಬೀದಿಗೆ ಅಟ್ಟಿದರು. ಆ ಸಂಸಾರ ಸರಿಹೋಯಿತು. ಐದು ಹೋಗಿ ನಾಲ್ಕಾಯಿತು.

ಅವ್ವ ಮತ್ತೆ ಹಣೆ ಚಚ್ಚಿಕೊಂಡಳು. "ಇಬ್ರನ್ನ ಹಂಗೆ ಕಂಡ್ರೆ ಬುಡಿಸ್ಬೇಕು ಕಣ್ಲಾ! ಮಧ್ಯ ನುಗ್ಗಿ ಒಬ್ರನ್ನ ಆ ಕಡೆ, ಒಬ್ರನ್ನ ಈ ಕಡೆ ಎಳೀಬೇಕು!"

"ಆಯ್ತು ಕಣವ್ವ!"

ಮೂರನೆಯ ದಿನ ದೇವೀರಮ್ಮನ ಮನೆ. ಅವಳ ಮಗನಿಗೆ ಮದುವೆಯಾಗಿ, ಗಂಡು ಹೆಣ್ಣು ಹೊಸಿಲಲ್ಲಿ ನಿಂತಿದ್ದರು. ಹೆಣ್ಣಿನ ಸೆರಗಿಗೂ ಗಂಡಿನ ಶಲ್ಯಕ್ಕೂ ಗಂಟು. ಆರತಿ ಎತ್ತುತ್ತಿದ್ದರು. ಪುಟ್ಟಬೋರ ಮಧ್ಯೆ ನುಗ್ಗಿದ. ಗಂಟು ಬಿಚ್ಚಿದ. ಗಂಡನ್ನು ಜಗಲಿಗೆ ತಳ್ಳಿದ, ಹೆಣ್ಣನ್ನು ಕೊಟ್ಟಿಗೆಗೆ ತಳ್ಳಿದ.

"ಸಾಕು ಸಾಕು! ಒಬ್ರ ಹತ್ರ ಒಬ್ರು ಬರ್ಬೇಡಿ! ನಮ್ಮವ್ವಂಗೆ ಓಟಾಕಿ!"

ದೇವೀರಮ್ಮ ಆರತಿಯ ನೀರನ್ನು ಅವನ ಮುಖಕ್ಕೇ ಎರಚಿದಳು. ನಾಲ್ಕು ಹೋಗಿ ಮೂರಾಯಿತು.

"ಅಯ್ಯೋ ನನ್ನ ಕರ್ಮವೇ! ಏನೂ ಮುಟ್ಬೇಡ, ಏನೂ ಮಾಡ್ಬೇಡ. ಓಟು ಕೇಳು, ಅವ್ರು ಹೇಳಿದ್ ಕೇಳ್ಕಂಡು ಬಾ. ಅಷ್ಟೇಯ!"

ನಾಲ್ಕನೆಯ ದಿನ ಹೊನ್ನಮ್ಮನ ಅಡುಗೆಮನೆಯಲ್ಲಿ ಬೆಕ್ಕು ಹಾಲು ಕುಡಿಯುತ್ತಿತ್ತು. ಇವನು ಪಕ್ಕದಲ್ಲೇ ಕೂತು ನೋಡುತ್ತಿದ್ದ, ಮುಟ್ಟಲಿಲ್ಲ. ಹೊನ್ನಮ್ಮ ಬಂದಳು, ಬೈದಳು, ಕೊನೆಗೆ, "ಹೂಂ ಕಣಪ್ಪ, ನಿಮ್ಮವ್ವಂಗೇ ಹಾಕ್ತೀನಿ, ಮೊದ್ಲು ಇಲ್ಲಿಂದ ತೊಲಗು" ಅಂದಳು. ಇವನು ಕುಣಿಯುತ್ತಾ ಬಂದ.

"ಅವ್ವಾ, ಹೊನ್ನಮ್ಮ ಹೂಂ ಅಂದ್ಳು!"

"ಲೋ, ಅವ್ಳು ಸಾಕಮ್ಮನ ಒಡಹುಟ್ಟಿದ ತಂಗಿ ಕಣೋ! ಬರೀ ಬಾಯ್ಮಾತ್ನ ನಂಬ್ತಾರಾ? ಅವ್ರು ಹೆತ್ತ ಮಗೀನ ತಲೆ ಮುಟ್ಟಿ ಆಣೆ ಮಾಡೋಗಂಟ ಆ ಜಾಗ ಬುಟ್ಟು ಕದಲಬಾರ್ದು!"

ಇಷ್ಟು ಹೇಳಿ ದೊಡ್ಡತಾಯಮ್ಮ ಊದಿದ ಕಾಲಿಗೆ ಎಣ್ಣೆ ತಿಕ್ಕತೊಡಗಿದಳು. ಸ್ವಲ್ಪ ಹೊತ್ತಿಗೆ ಅವಳ ಮುಖ ಅರಳಿತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಅಂತ ಹೊಳೆಯಿತು.

"ಮಗಾ, ಇನ್ಮೇಲೆ ನನಗೆ ಓಟು ಕೇಳ್ಬೇಡ. ಸಾಕಮ್ಮಂಗೆ ಕೇಳು. ಒಬ್ರನ್ನೂ ಬುಡ್ಬೇಡ. ಆಣೆ ಮಾಡಿಸ್ದೆ ಕದಲಬೇಡ."

"ಆಯ್ತು ಕಣವ್ವ!"

ಹೋದ. ನಂಜಮಣಿಯ ಮಕ್ಕಳು ಸ್ಕೂಲಲ್ಲಿದ್ದರು. ಪಾಠದ ಮಧ್ಯೆ ನುಗ್ಗಿ, ಇಬ್ಬರನ್ನೂ ಹೆಗಲಿಗೇರಿಸಿ ತಂದ. "ಅಕ್ಕಾ, ಇವ್ರ ತಲೆ ಮುಟ್ಟು, ಸಾಕಮ್ಮಂಗೆ ಓಟಾಕ್ತೀನಿ ಅನ್ನು!" ಈ ಸಲ ಪೊರಕೆ ಹಿಡಿದವನು ಗಂಡ. ದೇವೀರಮ್ಮನ ಮಗ ಮಾವನ ಮನೆಗೆ ಹೋಗಿದ್ದ. ಅವನು ಬರುವತನಕ ಪುಟ್ಟಬೋರ ಅವರ ಬಾಗಿಲಿಗೆ ಅಡ್ಡ ಮಲಗಿದ. ಹಸು ಒಳಗೆ, ಕರು ಹೊರಗೆ, ಎರಡೂ ಅಂಬಾ ಅನ್ನುತ್ತಿದ್ದವು.

ಸಂಜೆ ಇಬ್ಬರು ಹೆಂಗಸರೂ ದೊಡ್ಡತಾಯಮ್ಮನ ಜಗಲಿಗೆ ಬಂದರು.

"ಅಲ್ಲ ಕಣಕ್ಕ, ಆ ಸಾಕಮ್ಮ ನಿನ್ನ ಪೆದ್ದು ಮಗನ್ನೂ ಕಿತ್ಕಂಡವ್ಳಲ್ಲ! ಹೊಟ್ಟೆ ಉರೀತದೆ. ನಮ್ ಓಟು ನಿನಗೇ!"

ದೊಡ್ಡತಾಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸೆರಗಿನ ಮರೆಯಲ್ಲಿ ಎಣಿಸಿದಳು. ಮೂರಿದ್ದದ್ದು ಐದು. ಒಂಬತ್ತರಲ್ಲಿ ಐದು ಸಾಕು. ಖುಷಿಯಲ್ಲಿ ಮಗನಿಗೆ ಪಾಯಸ ಮಾಡಿ ಹಾಕಿದಳು. ಇನ್ನು ಓಟು ಕೇಳಬೇಡ ಅಂತ ಹೇಳುವುದನ್ನು ಮಾತ್ರ ಮರೆತಳು.

ಚುನಾವಣೆ ದಿನ ಎಂಟು ಜನ ಡೇರಿಯೊಳಗೆ ಹೋಗಿ ಕೂತಾಗಿತ್ತು. ದೊಡ್ಡತಾಯಮ್ಮ ಕುಂಟುತ್ತಾ ಕೊನೆಗೆ ಬಂದಳು. ಬಾಗಿಲಲ್ಲಿ ಪುಟ್ಟಬೋರ ಕಾಲಗಲಿಸಿ ನಿಂತಿದ್ದ.

"ಅವ್ವಾ, ಸಾಕಮ್ಮಂಗೆ ಓಟಾಕು!"

"ಲೋ, ನಾನು ನಿಮ್ಮವ್ವ ಕಣೋ!"

"ಒಬ್ರನ್ನೂ ಬುಡ್ಬೇಡ ಅಂದಿದ್ದೆ. ನೀನೊಬ್ಳೇ ಬಾಕಿ."

ಒಳಗಿಂದ ಅಧಿಕಾರಿ ಕೂಗಿದರು. "ಅಧ್ಯಕ್ಷರೇ, ಟೈಮಾಯ್ತು. ಬಾಗಿಲು ಹಾಕ್ತೀವಿ!"

"ಹೂಂ, ಅವ್ಳಿಗೇ ಹಾಕ್ತೀನಿ, ಜರುಗೋ!"

"ಬರೀ ಬಾಯ್ಮಾತ್ನ ನಂಬ್ತಾರಾ ಅಂದಿದ್ದೆ ನೀನು."

ಎಂದವನು ಅವ್ವನ ಮುಂದೆ ತಲೆ ಬಗ್ಗಿಸಿದ. ಅವಳು ಹೆತ್ತ ಮಗು ಅಂದರೆ ಅವನೊಬ್ಬನೇ ತಾನೆ! ತಳ್ಳಿದಳು, ಕದಲಲಿಲ್ಲ. ಒಳಗೆ ಚಿಲಕದ ಸದ್ದಾಯಿತು. ಗಾಬರಿಯಲ್ಲಿ ಅವನ ತಲೆ ಮೇಲೆ ಕೈಯಿಟ್ಟು, "ಆಣೆಗೂ ಸಾಕಮ್ಮಂಗೇ" ಅಂದುಬಿಟ್ಟಳು. ಅವನು ಜರುಗಿದ.

ಚೀಟಿ ಕೈಗೆ ಬಂತು. ಮರೆಯಲ್ಲಿ ಗುರುತು ಹಾಕುವುದು, ನೋಡುವವರು ಯಾರೂ ಇಲ್ಲ. ತನ್ನ ಹೆಸರಿನ ಮೇಲೆ ಪೆನ್ನಿಟ್ಟಳು. ಅಂಗೈಯಲ್ಲಿ ಮಗನ ತಲೆಯ ಬಿಸಿ ಇನ್ನೂ ಇತ್ತು. ಶೀಟಿಲ್ಲದ ರೂಮು ನೆನಪಾಯಿತು. ಆದರೂ ಪೆನ್ನನ್ನು ಕೆಳಗಿನ ಹೆಸರಿಗೆ ಜರುಗಿಸಿ ಗುರುತು ಹಾಕಿದಳು.

ಸಾಕಮ್ಮಂಗೆ ಐದು, ದೊಡ್ಡತಾಯಮ್ಮಂಗೆ ನಾಲ್ಕು.

ಹೊರಗೆ ಬಂದರೆ ಮಗ ಕುಣಿಯುತ್ತಿದ್ದ. "ಅವ್ವಾ, ಗೆದ್ಬುಟ್ವು! ಈ ಸಲ ನೀನ್ ಹೇಳ್ದಂಗೇ ಮಾಡ್ದೆ, ಒಂದೂ ತಪ್ಪಿಲ್ಲ!"

ಅವನನ್ನು ಏನಂತ ಬೈಯುವುದು? ಅವನು ಹೇಳಿದ್ದು ನಿಜ. ಅವನ ತಲೆ ಸವರಿ, "ಒಳಗೇನಿಲ್ದಿದ್ರೂ ನಿನ್ ತಲೆ ಗಟ್ಟಿಗಿರ್ಲಿ ಕಣಪ್ಪ" ಅಂದಳು.

"ಆಯ್ತು ಕಣವ್ವ!"

ಓಡಿಹೋಗಿ ಡೇರಿ ಮುಂದಿದ್ದ ತುಂಬಿದ ಹಾಲಿನ ಕ್ಯಾನಿಗೆ ತಲೆ ಗುದ್ದಿದ. ಠಣ್ ಅಂತು. ಕ್ಯಾನು ಉರುಳಿ ಹಾಲೆಲ್ಲ ಹೊಸ ಅಧ್ಯಕ್ಷೆ ಸಾಕಮ್ಮನ ಕಾಲಮೇಲೆ ಹರಿಯಿತು.

"ಗಟ್ಟಿಗೇ ಐತೆ ಕಣವ್ವಾ!"