ಕರುಣಾಸಾಗರದ ರುಚಿ

“ನೇರವಾಗಿ ಹೇಳಿದರೆ ನನಗೆ ಅರ್ಥವಾಗದ ವಿಷಯವೇ ಇಲ್ಲ,” ಎಂದ ಬೊಮ್ಮನಾಯಕ. ರಾಜನಾದ್ದರಿಂದ ಯಾರೂ ಪರೀಕ್ಷಿಸಿ ನೋಡಿರಲಿಲ್ಲ.

ಅವನ ಸಿಟ್ಟಿಗೆ ಕಾರಣ, ಎದುರಿಗೆ ನಿಂತಿದ್ದ ಕುಂಬಾರರ ಹೊನ್ನವ್ವ. ಅರಮನೆಯ ಆನೆ ದಿನವೂ ಅವಳ ಕೇರಿಯ ಕೊಳದಲ್ಲಿ ಮೀಯುತ್ತಿತ್ತು, ಲದ್ದಿಯನ್ನೂ ಅಲ್ಲೇ ಹಾಕುತ್ತಿತ್ತು. ಕೇರಿಗೆ ಕುಡಿಯಲು ಬೇರೆ ನೀರಿಲ್ಲ. ಮಕ್ಕಳು ವಾಂತಿಭೇದಿಯಿಂದ ಮಲಗಿದ್ದವು. ಅವಳು ಓಲೆಯಲ್ಲಿ ಹೀಗೆ ಬರೆಸಿದ್ದಳು: “ಪ್ರಭುಗಳು ಉಣ್ಣುವ ಬಟ್ಟಲಲ್ಲಿ ದಳವಾಯಿಗಳು ಕಾಲು ತೊಳೆದರೆ ಹೇಗೋ, ನಮಗೆ ಹಾಗಾಗಿದೆ.”

“ನನ್ನ ಬಟ್ಟಲಲ್ಲಿ ಇವನ ಕಾಲೇ?”

ದಳವಾಯಿ ಕಾಲನ್ನು ಹಿಂದಕ್ಕೆಳೆದುಕೊಂಡ.

“ಇಂದಿನಿಂದ ಅರಮನೆಯಲ್ಲಿ ಹೋಲಿಕೆ ಬೇಡ,” ಎಂದ ರಾಜ. “ಓಲೆಯಲ್ಲೂ ಬೇಡ, ಬಾಯಲ್ಲೂ ಬೇಡ. ಚೆನ್ನರಸ, ಇದು ನಿನ್ನ ಹೊಣೆ. ಒಂದು ಹೋಲಿಕೆ ಕಿವಿಗೆ ಬಿದ್ದರೂ ನಿನ್ನ ಕೆಲಸ ಹೋಯಿತು.”

ಆಸ್ಥಾನದ ಓಲೆ ಬರೆಯುವ ಚೆನ್ನರಸ ಅಲ್ಲೇ ಅವಳ ದೂರನ್ನು ತಿದ್ದಿ ಓದಿದ: “ಆನೆ ಕೊಳದಲ್ಲಿ ಮೀಯುತ್ತದೆ. ಜನ ಅದೇ ನೀರು ಕುಡಿಯುತ್ತಾರೆ.”

“ನೋಡಿ, ಎಷ್ಟು ಸ್ಪಷ್ಟ,” ಎಂದ ರಾಜ. “ಆನೆ ಮೀಯಲೇಬೇಕು, ಜನ ಕುಡಿಯಲೇಬೇಕು. ಎರಡೂ ನಡೆಯುತ್ತಿವೆಯಲ್ಲ. ಇನ್ನೇನು?”

ಸಭೆ ತಲೆದೂಗಿತು.

“ನಾಳೆ ಬಾ, ಹೊನ್ನವ್ವ,” ಎಂದ ಚೆನ್ನರಸ ಮೆಲ್ಲಗೆ.

“ನಾಳೆ ಆನೆಯೂ ಬರುತ್ತದೆ, ಬುದ್ಧಿ.”

ಆ ಆಸ್ಥಾನದಲ್ಲೊಂದು ಪದ್ಧತಿ. ರಾಜ ಬಾಗಿಲಲ್ಲಿ ನಿಲ್ಲಬೇಕು. ಭಟ ಬಿರುದುಗಳನ್ನೆಲ್ಲ ಕೂಗಿ ಮುಗಿಸಿದ ಮೇಲೇ ಗದ್ದುಗೆಯತ್ತ ನಡೆಯಬೇಕು. ಅಷ್ಟರಲ್ಲಿ ಹಿರಿಯ ಮಂತ್ರಿಗಳದು ಒಂದು ನಿದ್ದೆ ಮುಗಿಯುತ್ತಿತ್ತು. ಮರುದಿನ ಭಟ, “ಹಿರಿಯನಾಯಕರ ಮಗ ಬೊಮ್ಮನಾಯಕರು ಬಂದಿದ್ದಾರೆ,” ಎಂದು ಕೂಗಿ ಸುಮ್ಮನಾದ.

ರಾಜ ಕಾದ. “ಉಳಿದದ್ದು?”

“ಅಳಿಸಿದೆ, ಪ್ರಭು,” ಎಂದ ಚೆನ್ನರಸ. “ಸಿಂಹ, ಚಂದ್ರ, ಕಲ್ಪವೃಕ್ಷ, ಕರುಣಾಸಾಗರ. ಎಲ್ಲವೂ ಹೋಲಿಕೆ. ನನಗೂ ಕೆಲಸ ಉಳಿಯಬೇಕಲ್ಲ.”

“ಒಂದೂ ಉಳಿಯಲಿಲ್ಲವೇ?”

“ಹುಡುಕಿದೆ. ತಂದೆಯ ಹೆಸರು ಉಳಿಯಿತು.”

ರಾಜ ಗದ್ದುಗೆಯವರೆಗಿನ ದೂರ ನೋಡಿದ. ಬಿರುದಿಲ್ಲದೆ ನಡೆದು ಅಭ್ಯಾಸವಿರಲಿಲ್ಲ. “ಹೋಲಿಕೆ ಇರಲಿ,” ಎಂದ.

“ಹಾಗಾದರೆ ಹೊನ್ನವ್ವನ ಮೊದಲಿನ ಓಲೆಯೂ ಇರಲಿ.”

“ಅದು ಬೇರೆ, ಇದು ಬೇರೆ.”

“ಬೇರೆಯೇ, ಪ್ರಭು. ನಿಮ್ಮನ್ನು ಸಾಗರ ಎಂದವರು ಯಾರೂ ರುಚಿ ನೋಡಿ ಹೇಳಿಲ್ಲ. ಅವಳು ಕುಡಿದು ನೋಡಿ ಹೇಳಿದ್ದಾಳೆ.”

ಮೊದಲು ನಕ್ಕವನು ದಳವಾಯಿ. ರಾಜನೂ ನಗಬೇಕಾಯಿತು. ಆದರೆ ಮಧ್ಯಾಹ್ನ ಊಟಕ್ಕೆ ಕೂತಾಗ ಬಟ್ಟಲನ್ನು ಎರಡು ಸಲ ತೊಳೆಸಿದ. ಮೂರನೆಯ ಸಲ ಕೊಡುವ ಮೊದಲು ಎದುರು ಕೂತಿದ್ದ ದಳವಾಯಿಯ ಕಾಲು ನೋಡಿದ. ಆನೆಯನ್ನು ಊರಾಚೆಯ ಹೊಳೆಗೆ ಅಟ್ಟಿಸಿ ಆಮೇಲೆ ಉಂಡ.

ಚೆನ್ನರಸನಿಗೆ ಬಹುಮಾನವಾಗಿ ಒಂದು ಬಿರುದು ಸಿಕ್ಕಿತು. ಅದರಲ್ಲೂ ಸಿಂಹವಿತ್ತು. ಅವನು ಅದನ್ನು ಮನೆಯಲ್ಲಿ ಹೇಳಲಿಲ್ಲ.